ಮೂರು ನಿಮಿಷ ಹದಿನೈದು ಸೆಕೆಂಡ್

ಒಂದು ಹಡಗು ಮೂರು ನಿಮಿಷ ಹದಿನೈದು ಸೆಕೆಂಡಿನಲ್ಲಿ ಎಷ್ಟು ನೂರು ಮೀಟರ್ ಸಾಗುತ್ತದೋ, ನಾಟ್ ಲೆಕ್ಕದಲ್ಲಿ ಅಷ್ಟೇ ಅದರ ವೇಗ. ಎಂಟುನೂರು ಮೀಟರ್ ಸಾಗಿದರೆ ಎಂಟು ನಾಟ್. ಒಂಬೈನೂರು ಸಾಗಿದರೆ ಒಂಬತ್ತು. ಗುಣಿಸುವುದು ಬೇಡ, ಭಾಗಿಸುವುದು ಬೇಡ. ಒಂದು ನಾಟ್ ಅಂದರೆ ಗಂಟೆಗೆ 1852 ಮೀಟರ್. ಪೇಪರ್ ಹಿಡಿದು ಕೂತರೆ 195 ಸೆಕೆಂಡಿಗೆ ಹೆಚ್ಚೂಕಡಿಮೆ ಸರಿಯಾಗಿ ನೂರು ಮೀಟರ್ ಬರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರಗಳಲ್ಲಿ ಮುಕ್ಕಾಲು ಭಾಗ ಮರೆತುಹೋಗಿವೆ, ಇದೊಂದು ಮಾತ್ರ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲೆ.

ಕಲಿಸಿದ್ದು ಸೈಲೆಂಟ್ ಹಂಟರ್ 3. 2005ರಲ್ಲಿ ಬಂದ ಗೇಮ್, ಯೂಬಿಸಾಫ್ಟ್‌ನವರ ರೊಮೇನಿಯಾದ ಸ್ಟುಡಿಯೋದಲ್ಲಿ ತಯಾರಾಗಿದ್ದು. ಎರಡನೇ ಮಹಾಯುದ್ಧ, ಅಟ್ಲಾಂಟಿಕ್ ಸಾಗರ, ನೀವು ಒಂದು ಜರ್ಮನ್ ಯು-ಬೋಟಿನ, ಅಂದರೆ ಸಬ್‌ಮರೀನಿನ, ಕ್ಯಾಪ್ಟನ್. 1939ರಲ್ಲಿ ಶುರು ಮಾಡಿ, ಬದುಕಿದ್ದರೆ, 1945ರವರೆಗೆ ಹೋಗಬಹುದು. ಈಗಿನ ಗೇಮ್‌ಗಳ ಪಕ್ಕ ಇಟ್ಟರೆ ಇದರ ಸಮುದ್ರ ಹಳೇದಾಗಿ ಕಾಣುತ್ತದೆ, ಸಿಬ್ಬಂದಿಯ ಮುಖಗಳಂತೂ ಒಬ್ಬನದೇ ಮುಖವನ್ನು ಎಲ್ಲರಿಗೂ ಅಂಟಿಸಿದ ಹಾಗಿವೆ. ಆದರೂ ಜನ ಇನ್ನೂ ಆಡುತ್ತಾರೆ, ಇನ್ನೂ ಅದಕ್ಕೆ ಮಾಡ್‌ಗಳನ್ನು, ಅಂದರೆ ಆಟಗಾರರೇ ಮಾಡಿದ ಬದಲಾವಣೆಗಳನ್ನು, ಹಾಕಿಕೊಳ್ಳುತ್ತಾರೆ. ನಾನೂ ಅವರಲ್ಲೊಬ್ಬ.

ಆಡುವ ಬಗೆ ಎರಡಿದೆ. ಮೊದಲನೆಯದು ಸುಲಭ. ಪೆರಿಸ್ಕೋಪಿನಲ್ಲಿ ಹಡಗನ್ನು ಹಿಡಿದು ಲಾಕ್ ಮಾಡಿದರೆ ನಿಮ್ಮ ಆಫೀಸರ್ ಎಲ್ಲ ಲೆಕ್ಕ ಮಾಡಿಕೊಡುತ್ತಾನೆ, ಒಂದು ಸಣ್ಣ ತ್ರಿಕೋನ ಹಸಿರಾಗುತ್ತದೆ, ಒತ್ತಿದರೆ ಟಾರ್ಪಿಡೊ ಹೋಗುತ್ತದೆ. ಇದರಲ್ಲಿ ಏನಿದೆ ಮಜಾ? ಎರಡನೆಯದರಲ್ಲಿ ಲೆಕ್ಕ ನಿಮ್ಮದೇ. ಮೂರು ವಿಷಯ ಬೇಕು. ಎದುರಿನ ಹಡಗು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ, ಅದರ ಮೂತಿ ಎತ್ತ ಕಡೆ ತಿರುಗಿದೆ. ದೂರ ತಿಳಿಯಬೇಕಾದರೆ ಅದು ಯಾವ ಜಾತಿಯ ಹಡಗು ಅಂತ ಕೈಪಿಡಿಯಲ್ಲಿ ಹುಡುಕಿ, ಅದರ ಕಂಬದ ಎತ್ತರ ನೋಡಿ, ನೀರಿನ ಗೆರೆಯಿಂದ ಕಂಬದ ತುದಿಯವರೆಗೆ ಪೆರಿಸ್ಕೋಪಿನಲ್ಲಿ ಅಳೆಯಬೇಕು, ಅದೂ ಅಲೆ ಮೇಲೆ ಕೆಳಗೆ ಆಡಿಸುತ್ತಿರುವಾಗ. ವೇಗಕ್ಕೆ ಮೇಲೆ ಹೇಳಿದ ಸೂತ್ರ, ಒಂದು ಸ್ಟಾಪ್‌ವಾಚ್, ನಕ್ಷೆಯ ಮೇಲೆ ಎರಡು ಪೆನ್ಸಿಲ್ ಗುರುತು. ಮೂರನೆಯದು ಕಣ್ಣಂದಾಜು. ಆ ಹಡಗಿನ ಮೇಲೆ ನಿಂತವನಿಗೆ ನಾನು ಯಾವ ಕೋನದಲ್ಲಿ ಕಾಣುತ್ತೇನೆ ಅಂತ ಊಹಿಸಿಕೊಳ್ಳಬೇಕು. ನಾನು ಇಲ್ಲಿ ಕೂತು ಅವನ ಜಾಗದಿಂದ ನನ್ನನ್ನು ನೋಡಬೇಕು. ಶುರುವಿನಲ್ಲಿ ತಲೆ ಕೆಡುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಯಾಕೆ ಇಷ್ಟೆಲ್ಲ ಅಂದರೆ ಟಾರ್ಪಿಡೊ ಗುಂಡಿನ ಹಾಗಲ್ಲ, ನಿಧಾನ. ಜರ್ಮನ್ನರ ಎಲೆಕ್ಟ್ರಿಕ್ ಟಾರ್ಪಿಡೊ 30 ನಾಟ್ ವೇಗದಲ್ಲಿ ಹೋಗುತ್ತಿತ್ತು, ಸೆಕೆಂಡಿಗೆ ಹದಿನೈದು ಮೀಟರ್. ಒಂದು ಕಿಲೋಮೀಟರ್ ದಾಟುವುದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಎಂಟು ನಾಟ್‌ನಲ್ಲಿ ಹೋಗುತ್ತಿರುವ ಸರಕು ಹಡಗು ಇನ್ನೂರೈವತ್ತು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಂದರೆ ನೀವು ಹೊಡೆಯುವುದು ಹಡಗಿಗಲ್ಲ, ಅದರ ಮುಂದಿರುವ ಖಾಲಿ ನೀರಿಗೆ. ಉಗಿಯಿಂದ ಓಡುವ ಇನ್ನೊಂದು ಬಗೆಯ ಟಾರ್ಪಿಡೊ 44 ನಾಟ್‌ವರೆಗೆ ಹೋಗುತ್ತದೆ, ಆದರೆ ನೀರಿನ ಮೇಲೆ ಗುಳ್ಳೆಗಳ ಸಾಲು ಬಿಡುತ್ತದೆ, ಹಗಲಿನಲ್ಲಿ ಹೊಡೆದರೆ ಅವರಿಗೆ ಕಾಣಿಸಿಬಿಡುತ್ತದೆ. ಹಾಗಾಗಿ ರಾತ್ರಿ ಒಂದು, ಹಗಲು ಒಂದು.

ಹೊಡೆಯುವ ಹಂತ ಬರುವುದೇ ಅಪರೂಪ. ಉಳಿದ ಹೊತ್ತೆಲ್ಲ ಕಾಯುವುದು. ಸಾಗರದ ನಕ್ಷೆಯನ್ನು ಜರ್ಮನ್ ನೌಕಾಪಡೆ ಚೌಕಗಳಾಗಿ ಕತ್ತರಿಸಿ ಎರಡೆರಡು ಅಕ್ಷರದ ಹೆಸರು ಕೊಟ್ಟಿತ್ತು. ಇಂಥ ಚೌಕಕ್ಕೆ ಹೋಗಿ 24 ಗಂಟೆ ಗಸ್ತು ತಿರುಗು ಅಂತ ನಿಮಗೆ ಆದೇಶ ಬರುತ್ತದೆ. ಹೋಗುತ್ತೀರಿ. ನೀರು. ಮಳೆ. ಮತ್ತೆ ನೀರು. ಗೇಮಿನಲ್ಲಿ ಕಾಲವನ್ನು 1024 ಪಟ್ಟು ಓಡಿಸಬಹುದು, ಆದರೂ ಬೇಗ ಮುಗಿಯುವುದಿಲ್ಲ. ನಾನು ಆಡುವಾಗ ಹಿಂದೆ ನಿಂತು ನೋಡಿದವರೆಲ್ಲ ಸ್ವಲ್ಪ ಹೊತ್ತಿಗೆ "ಏನೂ ಆಗ್ತಾನೇ ಇಲ್ವಲ್ಲ" ಅಂತ ಎದ್ದು ಹೋಗಿದ್ದಾರೆ. ಅವರ ಮಾತು ನಿಜ.

ಕಾಯುವುದರ ಹಿಂದೆ ಒಂದು ತಂತ್ರವಿದೆ. ಸಬ್‌ಮರೀನ್ ಅಂದ ಕೂಡಲೇ ನಮಗೆ ಸದಾ ನೀರಿನಡಿ ಓಡಾಡುವ ಹಡಗು ಕಣ್ಣಮುಂದೆ ಬರುತ್ತದೆ, ಅಲ್ವಾ? ಆ ಕಾಲದ ಬೋಟ್ ಹಾಗಿರಲಿಲ್ಲ. ಜರ್ಮನ್ನರು ಹೆಚ್ಚಾಗಿ ಬಳಸಿದ ಟೈಪ್ 7 ಸಿ ಬೋಟ್ 67 ಮೀಟರ್ ಉದ್ದ, ಒಳಗೆ ನಲವತ್ತಕ್ಕೂ ಹೆಚ್ಚು ಜನ, 14 ಟಾರ್ಪಿಡೊ. ನೀರಿನ ಮೇಲೆ ಡೀಸೆಲ್ ಎಂಜಿನ್‌ನಲ್ಲಿ 17 ನಾಟ್ ಓಡುತ್ತದೆ. ಮುಳುಗಿದರೆ ಬ್ಯಾಟರಿ, ಜಾಸ್ತಿ ಅಂದರೆ ಏಳೂವರೆ ನಾಟ್, ಅದೂ ಸ್ವಲ್ಪ ಹೊತ್ತು. ಕಾನ್ವಾಯ್, ಅಂದರೆ ಬೆಂಗಾವಲಿನಲ್ಲಿ ಗುಂಪಾಗಿ ಹೋಗುವ ಸರಕು ಹಡಗುಗಳು, ಏಳೆಂಟು ನಾಟ್‌ನಲ್ಲಿ ಸಾಗುತ್ತಿರುತ್ತವೆ. ಮುಳುಗಿ ಅವುಗಳ ಬೆನ್ನು ಹತ್ತಿದರೆ ಯಾವತ್ತೂ ಸಿಗುವುದಿಲ್ಲ. ಹಾಗಾಗಿ ಹೊಗೆ ಮಾತ್ರ ಕಾಣುವಷ್ಟು ದೂರದಲ್ಲಿ, ನೀರಿನ ಮೇಲೆ, ದೊಡ್ಡ ಸುತ್ತು ಹಾಕಿಕೊಂಡು ಅವುಗಳಿಗಿಂತ ಮುಂದೆ ಹೋಗಬೇಕು. ಮುಂದೆ ಹೋಗಿ, ಅವು ಬರುವ ದಾರಿ ಲೆಕ್ಕ ಹಾಕಿ, ಮುಳುಗಿ, ಎಂಜಿನ್ ನಿಧಾನ ಮಾಡಿ ಕೂರಬೇಕು. ಅಷ್ಟರಲ್ಲಿ ಕಾನ್ವಾಯ್ ದಿಕ್ಕು ಬದಲಿಸಿದರೆ ಮುಗೀತು, ಇಡೀ ದಿನದ ಓಟ ನೀರುಪಾಲು.

ನಾನು ಈ ಗೇಮಿನಲ್ಲಿ ಹೊರಗಿನ ಕ್ಯಾಮೆರಾ ಆಫ್ ಮಾಡಿರುತ್ತೇನೆ. ಆನ್ ಇದ್ದರೆ ಗಾಳಿಯಲ್ಲಿ ಹಾರಾಡುತ್ತಾ ಯಾವ ಹಡಗು ಎಲ್ಲಿದೆ, ಟಾರ್ಪಿಡೊ ಹೇಗೆ ಬಡಿಯಿತು ಅಂತ ಎಲ್ಲ ನೋಡಬಹುದು. ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲ ಕಂಡರೆ ಅಲ್ಲಿ ಆಟವೇ ಉಳಿಯುವುದಿಲ್ಲ. ನಕ್ಷೆಯ ಮೇಲೆ ಶತ್ರು ಹಡಗುಗಳು ತಾವಾಗಿಯೇ ಮೂಡುವುದನ್ನೂ ಆಫ್ ಮಾಡಿದರೆ ಇನ್ನೂ ಚೆಂದ. ಆಮೇಲೆ ಉಳಿಯುವುದು ಅಲೆ ಬಡಿದಾಗ ಮಸುಕಾಗುವ ಒಂದು ಪೆರಿಸ್ಕೋಪ್ ಮತ್ತು ನೀರಿನೊಳಗಿನ ಸದ್ದು ಕೇಳಿಸುವ ಹೈಡ್ರೋಫೋನ್. ಚಕ್ರ ತಿರುಗಿಸುತ್ತಾ ಕಿವಿಗೊಟ್ಟು ಕೂರಬೇಕು. ಸರಕು ಹಡಗಿನದು ಧಡ್, ಧಡ್ ಅಂತ ನಿಧಾನದ ಬಡಿತ. ಯುದ್ಧನೌಕೆಯದು ಬಿರುಸು. ಎರಡರ ವ್ಯತ್ಯಾಸ ಕಿವಿಗೆ ಕೂತ ಮೇಲೆ, ಬಿರುಸಿನ ಸದ್ದು ಒಂದೇ ದಿಕ್ಕಿನಲ್ಲಿ ನಿಂತು ಜೋರಾಗುತ್ತಾ ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ದಿಕ್ಕು ಬದಲಾಗದೆ ಸದ್ದು ಮಾತ್ರ ದೊಡ್ಡದಾಗುತ್ತಿದೆ ಅಂದರೆ ಅದು ನೆಟ್ಟಗೆ ನಿಮ್ಮ ತಲೆ ಮೇಲೆ ಬರುತ್ತಿದೆ ಅಂತ.

ಇಲ್ಲೂ ಒಂದು ಲೆಕ್ಕವಿದೆ. ಬ್ರಿಟಿಷ್ ಡೆಪ್ತ್ ಚಾರ್ಜ್, ಅಂದರೆ ಆಳಕ್ಕಿಳಿದು ಸಿಡಿಯುವ ಬಾಂಬ್, ಸೆಕೆಂಡಿಗೆ ಸುಮಾರು ಮೂರು ಮೀಟರ್ ಮುಳುಗುತ್ತಿತ್ತು. ನೀವು 120 ಮೀಟರ್ ಆಳದಲ್ಲಿದ್ದರೆ ಅದು ನಿಮ್ಮ ಹತ್ತಿರ ಬರುವುದಕ್ಕೆ ನಲವತ್ತು ಸೆಕೆಂಡ್. ನಿಮ್ಮನ್ನು ಹುಡುಕುವ ಅವರ ಶಬ್ದದ ಯಂತ್ರ ಆಸ್ಡಿಕ್, ಹಡಗು ತೀರಾ ಹತ್ತಿರ ಬಂದಾಗ ನಿಮ್ಮ ಜಾಡು ಕಳೆದುಕೊಳ್ಳುತ್ತದೆ. ಕೊನೆಯ ಕೆಲವು ನೂರು ಮೀಟರ್ ಅವರೂ ಕುರುಡರೇ. ಆಗ ಎಂಜಿನ್ ಪೂರ್ತಿ ಜೋರು ಮಾಡಿ ಪಕ್ಕಕ್ಕೆ ತಿರುಗಬೇಕು, ಯಾಕೆಂದರೆ ನೀವು ಎಷ್ಟು ಸದ್ದು ಮಾಡಿದರೂ ಅವರಿಗೆ ಆ ಕ್ಷಣ ಕೇಳಿಸುವುದಿಲ್ಲ. ಸ್ಫೋಟ ಮುಗಿಯುವುದರೊಳಗೆ ಮತ್ತೆ ಸುಮ್ಮನಾಗಬೇಕು. ಇಬ್ಬರು ಕಣ್ಣಿಲ್ಲದವರು ಒಬ್ಬರ ಉಸಿರನ್ನೊಬ್ಬರು ಕೇಳಿಸಿಕೊಂಡು ಹೊಡೆದಾಡುವ ಜಗಳ ಇದು. 1942ರ ನಂತರ ಅವರು ಹೆಡ್ಜ್‌ಹಾಗ್ ಅನ್ನುವ ಅಸ್ತ್ರ ತಂದು, ಜಾಡು ತಪ್ಪುವ ಮೊದಲೇ ಮುಂದಕ್ಕೆ ಬಾಂಬ್ ಎಸೆಯತೊಡಗಿದರು. ಆಗ ಈ ನಲವತ್ತು ಸೆಕೆಂಡಿನ ಉಪಾಯವೂ ಹೋಯಿತು.

ಹೀಗೆ ಆಡುತ್ತಾ ಆಡುತ್ತಾ ಎದುರಿನವರು ಏನು ಮಾಡುತ್ತಿದ್ದರು ಅಂತ ಓದಲು ಶುರು ಮಾಡಿದೆ. ಆಗ ಸಿಕ್ಕಿದ್ದು ಲಿವರ್‌ಪೂಲ್‌ನ ಕಥೆ. ನನ್ನ ಗೇಮಿಗಿಂತ ಅದೇ ಜಾಸ್ತಿ ಹುಚ್ಚು ಹಿಡಿಸಿತು. ಯಾಕೆಂದರೆ ಅಲ್ಲಿ ಅವರೂ ಆಟವನ್ನೇ ಆಡುತ್ತಿದ್ದರು.

1942ರ ಜನವರಿ. ಬ್ರಿಟನ್ನಿಗೆ ಊಟ, ಎಣ್ಣೆ, ಕಬ್ಬಿಣ ಎಲ್ಲವೂ ಅಟ್ಲಾಂಟಿಕ್ ದಾಟಿ ಬರಬೇಕು, ಹಡಗುಗಳು ಮುಳುಗುತ್ತಿವೆ. ಗಿಲ್ಬರ್ಟ್ ರಾಬರ್ಟ್ಸ್ ಅನ್ನುವ ನೌಕಾಪಡೆ ಅಧಿಕಾರಿಗೆ ಕ್ಷಯ ಬಂದು 1938ರಲ್ಲೇ ಕೆಲಸದಿಂದ ಕಳಿಸಿದ್ದರು. ಯುದ್ಧಕ್ಕೆ ಮತ್ತೆ ಕರೆಸಿಕೊಂಡು, ಲಿವರ್‌ಪೂಲ್‌ನ ಡರ್ಬಿ ಹೌಸ್ ಅನ್ನುವ ಕಟ್ಟಡದಲ್ಲಿ ಜಾಗ ಕೊಟ್ಟು, ಯು-ಬೋಟ್‌ಗಳು ಹೇಗೆ ಹೊಡೆಯುತ್ತಿವೆ ಅಂತ ಕಂಡುಹಿಡಿ ಅಂದರು. ಜೊತೆಗೆ ಕೊಟ್ಟಿದ್ದು ರೆನ್‌ಗಳನ್ನು, ಅಂದರೆ ನೌಕಾಪಡೆಯ ಮಹಿಳಾ ವಿಭಾಗದವರನ್ನು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗಿಯರು, ಸಮುದ್ರ ಯುದ್ಧ ಕಂಡವರಲ್ಲ. ಅವರು ನೆಲದ ಮೇಲೆ ಚೌಕಗಳನ್ನು ಬರೆದು, ಮರದ ಪುಟ್ಟ ಹಡಗುಗಳನ್ನಿಟ್ಟು, ಸೀಮೆಸುಣ್ಣದಲ್ಲಿ ಅವುಗಳ ದಾರಿ ಎಳೆದು ಆಡಿದರು. ಪ್ರತಿ ನಡೆಗೆ ಎರಡು ನಿಮಿಷ.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಪರದೆಗಳು. ಬೆಂಗಾವಲು ಹಡಗಿನ ಕ್ಯಾಪ್ಟನ್ ಆಗಿ ಆಡುವವನು ನೆಲದ ಪಕ್ಕ ನಿಂತು ಇಡೀ ಆಟ ನೋಡುವ ಹಾಗಿರಲಿಲ್ಲ. ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿ, ಅದರಲ್ಲಿ ಸಣ್ಣ ತೂತು ಬಿಟ್ಟಿದ್ದರು. ನಿಜವಾದ ಸಮುದ್ರದಲ್ಲಿ, ಕತ್ತಲಲ್ಲಿ, ಅವನ ಹಡಗಿನಿಂದ ಎಷ್ಟು ಕಾಣುತ್ತದೋ ಅಷ್ಟೇ ಆ ತೂತಿನಿಂದ ಕಾಣಬೇಕು. ಯು-ಬೋಟಿನ ದಾರಿಯನ್ನು ಹಸಿರು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದರು, ಕಂದು ನೆಲದ ಮೇಲೆ ಆ ಹಸಿರು ತೂತಿನ ಹಿಂದಿದ್ದವನ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡುವ ಹೊರಗಿನ ಕ್ಯಾಮೆರಾವನ್ನು ಅವರು ಬಟ್ಟೆಯಿಂದಲೇ ಆಫ್ ಮಾಡಿದ್ದರು.

ಹಳೆಯ ಕಾನ್ವಾಯ್‌ಗಳ ದಾಖಲೆ ತೆಗೆದು ಒಂದೊಂದನ್ನೇ ನೆಲದ ಮೇಲೆ ಮತ್ತೆ ಆಡಿ ನೋಡಿದರು. ಅಲ್ಲಿಯವರೆಗೆ ಯು-ಬೋಟ್ ಹೊರಗೆಲ್ಲೋ ದೂರದಲ್ಲಿ ಮುಳುಗಿಕೊಂಡು ಟಾರ್ಪಿಡೊ ಬಿಡುತ್ತದೆ ಅಂತ ನಂಬಿಕೆ. ಆದ್ದರಿಂದ ಒಂದು ಹಡಗಿಗೆ ಏಟು ಬಿದ್ದ ಕೂಡಲೇ ಬೆಂಗಾವಲಿನವರು ಹೊರಗಿನ ಕತ್ತಲೆಗೆ ಓಡುತ್ತಿದ್ದರು. ನೆಲದ ಮೇಲಿನ ಲೆಕ್ಕ ಅದಕ್ಕೆ ಹೊಂದಲಿಲ್ಲ. ಟಾರ್ಪಿಡೊ ಓಡುವ ದೂರ, ಏಟು ಬಿದ್ದ ಜಾಗ, ಹೊತ್ತು ಎಲ್ಲ ಸೇರಿಸಿದರೆ ಬೋಟ್ ಕಾನ್ವಾಯ್‌ನ ಒಳಗೇ ಇರಬೇಕು. ರಾತ್ರಿ, ನೀರಿನ ಮೇಲೆಯೇ, ಯಾರೂ ಅಷ್ಟಾಗಿ ತಿರುಗಿ ನೋಡದ ಹಿಂಬದಿಯಿಂದ ಬಂದು ಸಾಲುಗಳ ನಡುವೆ ಸೇರಿಕೊಳ್ಳುತ್ತಿತ್ತು. ಓಟ್ಟೊ ಕ್ರೆಚ್‌ಮರ್ ಅನ್ನುವ ಜರ್ಮನ್ ಕ್ಯಾಪ್ಟನ್ ಹೆಸರು ಮಾಡಿದ್ದೇ ಹೀಗೆ ಒಳಗೆ ನುಗ್ಗಿ. ಹಾಗಾದರೆ ಹೊರಗೆ ಓಡಿ ಏನು ಉಪಯೋಗ? ಕಾನ್ವಾಯ್ ಸುತ್ತಮುತ್ತ, ಅದರ ಹಿಂದೆಯೇ ಬಲೆ ಬೀಸಬೇಕು ಅಂತ ಹೊಸ ಪಟ್ಟು ಕಟ್ಟಿದರು. ಅದಕ್ಕೆ ರಾಸ್ಪ್‌ಬೆರಿ ಅಂತ ಹೆಸರಿಟ್ಟವಳು ಜೀನ್ ಲೇಡ್ಲಾ ಅನ್ನುವ ರೆನ್. ಹಿಟ್ಲರನಿಗೆ ತುಟಿಯಲ್ಲಿ ಪುರ್ರ್ ಅಂತ ಅಣಕಿಸುವ ಅರ್ಥದಲ್ಲಿ.

ಆ ವರ್ಷದ ಕೊನೆಗೆ ಮ್ಯಾಕ್ಸ್ ಹಾರ್ಟನ್ ಅನ್ನುವ ಅಡ್ಮಿರಲ್ ಅಲ್ಲಿಗೆ ಮುಖ್ಯಸ್ಥನಾಗಿ ಬಂದ. ಅವನೇ ಹಳೆಯ ಸಬ್‌ಮರೀನ್ ಹುಲಿ. ನಾನು ಯು-ಬೋಟ್ ಆಗಿ ಆಡ್ತೀನಿ, ನನ್ನನ್ನು ಹಿಡೀರಿ ನೋಡೋಣ ಅಂತ ಕೂತ. ಎದುರಿಗೆ ಆಡಿ ಅವನನ್ನು ಮತ್ತೆ ಮತ್ತೆ ಮುಳುಗಿಸಿದವಳು ಜಾನೆಟ್ ಒಕೆಲ್ ಅನ್ನುವ ಹುಡುಗಿ. ಆಡಿದ್ದು ಯಾರು ಅಂತ ಗೊತ್ತಾದಾಗ ಅಡ್ಮಿರಲ್ ಸಾಹೇಬರ ಮುಖ ಹೇಗಾಗಿರಬಹುದು ಅಂತ ನೆನೆದರೆ ಈಗಲೂ ಖುಷಿಯಾಗುತ್ತದೆ. ಯುದ್ಧ ಮುಗಿಯುವುದರೊಳಗೆ ಸುಮಾರು 5000 ಅಧಿಕಾರಿಗಳು ಆ ಪರದೆಯ ತೂತಿನ ಹಿಂದೆ ನಿಂತು ಪಾಠ ಕಲಿತು ಹೋದರು.

ನನ್ನ ಗೇಮಿನಲ್ಲೂ ಕ್ಯಾಲೆಂಡರ್ ಮುಂದೆ ಹೋದಂತೆ ಇದರ ಬಿಸಿ ತಟ್ಟುತ್ತದೆ. 1940ರಲ್ಲಿ ರಾತ್ರಿ ಆರಾಮಾಗಿ ಒಳಗೆ ನುಗ್ಗಬಹುದು. 1943ರ ಹೊತ್ತಿಗೆ ಆಕಾಶದ ತುಂಬ ವಿಮಾನ, ಅವಕ್ಕೆ ರೇಡಾರ್. ನೀರಿನ ಮೇಲೆ ತಲೆ ಎತ್ತಿದರೆ ಸಾಕು. ನಡು ಅಟ್ಲಾಂಟಿಕ್‌ನಲ್ಲಿ ವಿಮಾನ ತಲುಪದ ಒಂದು ಖಾಲಿ ಜಾಗ ಇತ್ತು, ದೂರ ಹಾರುವ ಲಿಬರೇಟರ್ ವಿಮಾನ ಬಂದ ಮೇಲೆ ಅದೂ ಮುಚ್ಚಿತು. 1943ರ ಮೇ ಒಂದೇ ತಿಂಗಳಲ್ಲಿ ಜರ್ಮನ್ನರು 41 ಯು-ಬೋಟ್ ಕಳೆದುಕೊಂಡರು. ಅವುಗಳಲ್ಲೊಂದರಲ್ಲಿ ಯು-ಬೋಟ್ ಪಡೆಯನ್ನು ಕಟ್ಟಿದ ಅಡ್ಮಿರಲ್ ಡೋನಿಟ್ಸ್‌ನ ಮಗನೇ ಇದ್ದ. ಮೇ 24ಕ್ಕೆ ಅಪ್ಪ ಉತ್ತರ ಅಟ್ಲಾಂಟಿಕ್‌ನಿಂದ ಬೋಟ್‌ಗಳನ್ನು ಹಿಂದಕ್ಕೆ ಕರೆಸಿಕೊಂಡ. ಯುದ್ಧದುದ್ದಕ್ಕೂ ಯು-ಬೋಟ್ ಹತ್ತಿದ ಸುಮಾರು 40,000 ಜನರಲ್ಲಿ ಸುಮಾರು 30,000 ಜನ ಸತ್ತರು. ಗೇಮ್ ಆಡುವವರಲ್ಲಿ ಕೆಲವರು 'ಸತ್ತರೆ ಸತ್ತ ಹಾಗೆಯೇ' ಅನ್ನುವ ನಿಯಮ ಹಾಕಿಕೊಳ್ಳುತ್ತಾರೆ, ಹಳೆಯ ಸೇವ್ ತೆರೆಯುವ ಹಾಗಿಲ್ಲ. ಈ ನಿಯಮ ಇಟ್ಟುಕೊಂಡು 1945 ಮುಟ್ಟುವುದು ಬಹಳ ಕಷ್ಟ. ಇಲ್ಲಿ ಗೇಮ್ ಸುಳ್ಳು ಹೇಳುವುದಿಲ್ಲ.

ಬೇರೆ ಕಡೆ ಹೇಳುತ್ತದೆ. ಅಥವಾ, ಹೇಳುವುದೇ ಇಲ್ಲ.

ಹಡಗು ಮುಳುಗಿದ ಮೇಲೆ ಲಾಗ್ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ. ಯಾವ ಬಗೆಯ ಹಡಗು, ಎಷ್ಟು ಟನ್. ಬಂದರಿಗೆ ವಾಪಸ್ ಹೋದಾಗ ಒಟ್ಟು ಟನ್ ಎಷ್ಟು ಅನ್ನುವುದರ ಮೇಲೆ ನಿಮ್ಮ ಕೀರ್ತಿ, ಪದಕ, ಹೊಸ ಬೋಟ್. ನಿಜವಾದ ಕ್ಯಾಪ್ಟನ್‌ಗಳನ್ನೂ ಹೀಗೇ ಅಳೆಯುತ್ತಿದ್ದರು. ಈ ಟನ್ ತೂಕವಲ್ಲ. ಹಡಗಿನ ಒಳಗೆ ಎಷ್ಟು ಜಾಗ ಇದೆ ಅನ್ನುವ ಅಳತೆ, ನೂರು ಘನ ಅಡಿಗೆ ಒಂದು ಟನ್. ಆ ಜಾಗದಲ್ಲಿ ಯಾರಿದ್ದರು ಅನ್ನುವುದಕ್ಕೆ ಲಾಗ್‌ನಲ್ಲಿ ಕಾಲಮ್ ಇಲ್ಲ. ನಾನು ಆಡುವ ಆವೃತ್ತಿಯಲ್ಲಿ ಮುಳುಗುವ ಹಡಗಿನಿಂದ ಕೂಗು ಕೇಳಿಸುವುದಿಲ್ಲ. ಕಬ್ಬಿಣ ಮುರಿಯುವ ಸದ್ದು ಮಾತ್ರ. ಆ ಸದ್ದು ಕೇಳಿದಾಗ ನನ್ನ ಸಿಬ್ಬಂದಿ ಖುಷಿಪಡುತ್ತಾರೆ, ನಿಜ ಹೇಳಬೇಕೆಂದರೆ ನನಗೂ ಖುಷಿಯಾಗುತ್ತದೆ, ಲೆಕ್ಕ ಸರಿ ಬಂತಲ್ಲ ಅಂತ. ಹಿಟ್ಲರನ ಸರ್ಕಾರ ಆ ಹೊತ್ತಿಗೆ ಯುರೋಪಿನಲ್ಲಿ ಏನು ಮಾಡುತ್ತಿತ್ತು ಅನ್ನುವುದಂತೂ ಈ ಗೇಮಿನ ಕಿವಿಗೇ ಬಿದ್ದಿಲ್ಲ.

ಸಿಟಿ ಆಫ್ ಬನಾರಸ್ ಅಂತ ಒಂದು ಹಡಗಿತ್ತು. ಹೌದು, ನಮ್ಮ ಕಾಶಿಯ ಹೆಸರೇ. 11,081 ಟನ್. ಲಾಗ್‌ನಲ್ಲಿ ಬರೆಯುವುದಕ್ಕೆ ಒಳ್ಳೆಯ ಸಂಖ್ಯೆ. 1940ರ ಸೆಪ್ಟೆಂಬರ್ 13ಕ್ಕೆ ಲಿವರ್‌ಪೂಲ್‌ನಿಂದ ಕೆನಡಾಕ್ಕೆ ಹೊರಟಿತು. ಬಾಂಬ್ ದಾಳಿಯಿಂದ ಪಾರು ಮಾಡುವುದಕ್ಕೆ ಸರ್ಕಾರವೇ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 17ರ ರಾತ್ರಿ, ಬೆಂಗಾವಲು ಹಡಗು ಬಿಟ್ಟು ಹೋದ ಮೇಲೆ, ಯು-48 ಹೊಡೆಯಿತು. 90ರಲ್ಲಿ 77 ಮಕ್ಕಳು ಸತ್ತರು. ಒಟ್ಟು ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಹಡಗಿನಲ್ಲಿ ಮಕ್ಕಳಿದ್ದುದು ನನಗೆ ಗೊತ್ತಿರಲಿಲ್ಲ ಅಂತ ಯು-48ರ ಕ್ಯಾಪ್ಟನ್ ಬ್ಲೈಕ್‌ರೋಟ್ ಯುದ್ಧದ ನಂತರ ಹೇಳಿದ. ನಾನು ಅವನನ್ನು ನಂಬುತ್ತೇನೆ. ಪೆರಿಸ್ಕೋಪಿನಲ್ಲೋ ದುರ್ಬೀನಿನಲ್ಲೋ ಕಂಬದ ಎತ್ತರ ಕಾಣುತ್ತದೆ, ಮಕ್ಕಳು ಕಾಣುವುದಿಲ್ಲ. ನಂಬಿದ ಮಾತ್ರಕ್ಕೆ ಏನೂ ಹಗುರಾಗುವುದಿಲ್ಲ ಅನ್ನುವುದು ಬೇರೆ ಮಾತು.

ಈ ಹಡಗಿನ ಕಥೆ ಬರೆಯುವಾಗ ಎಲ್ಲರೂ ಮಕ್ಕಳ ಬಗ್ಗೆ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಆ ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಲಸ್ಕರ್ ಅಂತ ಕರೆಯುತ್ತಿದ್ದರು. 12ನೇ ನಂಬರಿನ ದೋಣಿಯೊಂದು ಎಂಟು ದಿನ ಅಟ್ಲಾಂಟಿಕ್‌ನಲ್ಲಿ ತೇಲುತ್ತಿತ್ತು, ಅದರಲ್ಲಿದ್ದವರೆಲ್ಲ ಸತ್ತರು ಅಂತ ಮನೆಗಳಿಗೆ ಸುದ್ದಿಯೂ ಹೋಗಿತ್ತು, ಆಮೇಲೆ ವಿಮಾನವೊಂದು ಅದನ್ನು ಕಂಡಿತು. ಆ ದೋಣಿ ಹತ್ತಿದ್ದ 46 ಜನರಲ್ಲಿ ಆರು ಹುಡುಗರು, ಮೂವತ್ತಕ್ಕೂ ಹೆಚ್ಚು ಜನ ಲಸ್ಕರ್‌ಗಳು. ಹುಡುಗರಲ್ಲಿ ಕೆಲವರು ದೊಡ್ಡವರಾಗಿ ತಮ್ಮ ಕಥೆ ಹೇಳಿದರು. ಲಸ್ಕರ್‌ಗಳ ಬಾಯಿಂದ ಬಂದ ಕಥೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.

ಯುದ್ಧ ಶುರುವಾದಾಗ ಬ್ರಿಟಿಷ್ ಸರಕು ಹಡಗುಗಳ ಕೆಲಸಗಾರರಲ್ಲಿ ಸುಮಾರು ಕಾಲು ಭಾಗ ಭಾರತೀಯರು, 50,000ದ ಹತ್ತಿರ. ಸಿಲ್ಹೆಟ್ ಕಡೆಯವರು ಕೆಳಗೆ ಎಂಜಿನ್ ರೂಮಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದರು, ಗೋವಾದವರು ಅಡುಗೆ, ಊಟದ ಮನೆ ನೋಡಿಕೊಳ್ಳುತ್ತಿದ್ದರು. ಸಂಬಳ ಬಿಳಿಯ ನಾವಿಕನ ಸಂಬಳದ ಕಾಲು ಭಾಗದಷ್ಟು. 1939ರಲ್ಲೇ, ಸಾಯುವುದಕ್ಕೆ ಕರೆಯುತ್ತಿದ್ದೀರಿ, ಸಂಬಳವನ್ನಾದರೂ ಸರಿಯಾಗಿ ಕೊಡಿ ಅಂತ ಬಂದರು ಬಂದರುಗಳಲ್ಲಿ ಮುಷ್ಕರ ಹೂಡಿದರು. ನೂರಾರು ಜನರನ್ನು ಜೈಲಿಗೆ ಹಾಕಿದರು, ಕೊನೆಗೆ ಸಂಬಳವನ್ನೂ ಹೆಚ್ಚಿಸಿದರು. ಯುದ್ಧದಲ್ಲಿ ಆರು ಸಾವಿರದಷ್ಟು ಭಾರತೀಯ ನಾವಿಕರು ಸತ್ತರು. ಲಂಡನ್ನಿನ ಟವರ್ ಹಿಲ್‌ನಲ್ಲಿ ಸರಕು ಹಡಗಿನ ನಾವಿಕರ ಹೆಸರುಗಳು ಕಂಚಿನ ಫಲಕದ ಮೇಲೆ ಸಾಲು ಸಾಲಾಗಿವೆ. ನಮ್ಮವರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗ್ ಸ್ಮಾರಕಗಳ ಪುಸ್ತಕದ ಹಾಳೆಗಳಲ್ಲಿವೆ.

ಟಾರ್ಪಿಡೊ ಎಲ್ಲಿಗೆ ಬಡಿಯಬೇಕು ಅಂತ ಗೇಮ್ ಕಲಿಸುತ್ತದೆ. ಎಂಜಿನ್ ರೂಮಿಗೆ. ಹಡಗು ಅಲ್ಲೇ ನಿಂತುಬಿಡುತ್ತದೆ.

ಹಾಗಂತ ಭಾರತೀಯನಾಗಿ ಈ ಯುದ್ಧದಲ್ಲಿ ಒಂದು ಪಕ್ಷ ಹಿಡಿದು ಸುಲಭವಾಗಿ ಕೂರುವ ಹಾಗೂ ಇಲ್ಲ. 1943ರ ಫೆಬ್ರವರಿ 9ಕ್ಕೆ ಯು-180 ಅನ್ನುವ ಬೋಟ್ ಕೀಲ್ ಬಂದರಿನಿಂದ ಹೊರಟಿತು. ಒಳಗೆ ಸುಭಾಷ್ ಚಂದ್ರ ಬೋಸ್ ಮತ್ತು ಅವರ ಜೊತೆಗಾರ ಅಬಿದ್ ಹಸನ್. ಆಫ್ರಿಕಾವನ್ನು ಸುತ್ತಿ, ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಕಡೆಯ ಸಮುದ್ರದಲ್ಲಿ ಐ-29 ಅನ್ನುವ ಜಪಾನಿ ಸಬ್‌ಮರೀನ್‌ಗೆ ದಾಟಿದರು, ಅಲೆಗಳ ನಡುವೆ ರಬ್ಬರ್ ದೋಣಿಯಲ್ಲಿ. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿ ರೋಮಾಂಚನಗೊಂಡವರೇ. ನಾನು ಓದದೇ ಇದ್ದ ಎರಡು ವಿಷಯ ಈ ಗೇಮಿನ ಹುಚ್ಚಿನಿಂದ ಸಿಕ್ಕವು. ಬೋಸ್ ಒಳಗಿರುವಾಗಲೇ, ಏಪ್ರಿಲ್ 18ರಂದು, ಯು-180 ದಾರಿಯಲ್ಲಿ ಕಾರ್ಬಿಸ್ ಅನ್ನುವ ಬ್ರಿಟಿಷ್ ತೈಲ ಹಡಗನ್ನು ಮುಳುಗಿಸಿತ್ತು. ಇನ್ನು ಅವರನ್ನು ಹತ್ತಿಸಿಕೊಂಡ ಐ-29, ಅದಕ್ಕೆ ಐದು ತಿಂಗಳ ಹಿಂದೆ, 1942ರ ನವೆಂಬರ್ 23ರಂದು, ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಅನ್ನುವ ಪ್ರಯಾಣಿಕರ ಹಡಗನ್ನು ಅರಬ್ಬಿ ಸಮುದ್ರದಲ್ಲಿ ಹೊಡೆದಿತ್ತು. ಹಡಗಿನಲ್ಲಿದ್ದ 958 ಜನರಲ್ಲಿ 280 ಜನ ಸತ್ತರು. ಹೆಚ್ಚಿನವರು ನಮ್ಮವರೇ.

ಒಂದೇ ಸಬ್‌ಮರೀನ್. ಆ ಕಬ್ಬಿಣದ ಕೊಳವೆಯೊಳಗೆ ಕೂತ ಬೋಸ್‌ಗೆ ತಿಲಾವಾ ವಿಷಯ ಯಾರಾದರೂ ಹೇಳಿದ್ದರೋ ಏನೋ. ನನ್ನ ನಕ್ಷೆಯಲ್ಲಿ ಇದಕ್ಕೆ ಯಾವ ಬಣ್ಣದ ಗುರುತು ಹಾಕಬೇಕು ಅಂತ ನನಗೆ ತಿಳಿಯುವುದಿಲ್ಲ. ಗೇಮಿನಲ್ಲಿ ನಮ್ಮವರು ಒಂದು ಬಣ್ಣ, ಶತ್ರುಗಳು ಇನ್ನೊಂದು ಬಣ್ಣ, ಅಷ್ಟೇ.

ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದರೆ ಅವನು, "ಅಷ್ಟು ಬೇಜಾರಾದ್ರೆ ಡೆಸ್ಟ್ರಾಯರ್ ಕಡೆಯಿಂದ ಆಡೋ ಮಾರಾಯ" ಅಂದ. ಡೆಸ್ಟ್ರಾಯರ್ ಅಂದರೆ ಸಬ್‌ಮರೀನ್ ಬೇಟೆಯಾಡುವ ಯುದ್ಧನೌಕೆ. ಅಂಥ ಗೇಮ್‌ಗಳೂ ಇವೆ. ಚೆನ್ನಾಗಿವೆ. ಆದರೆ ಅವೂ ಬೇಟೆಯ ಆಟಗಳೇ, ಬೇಟೆಗಾರ ಬೇರೆ ಅಷ್ಟೇ. ಎರಡೂ ಕಡೆಯವರು ಬಡಿದಾಡುವುದು ಯಾವುದಕ್ಕಾಗಿಯೋ ಆ ಸರಕು ಹಡಗು ಎರಡರಲ್ಲೂ ಸುಮ್ಮನೆ ತೇಲುವ ವಸ್ತು.

ಸರಕು ಹಡಗಿನ ಕಡೆಯಿಂದ ಆಡುವ ಗೇಮ್ ನನಗೆ ಇನ್ನೂ ಸಿಕ್ಕಿಲ್ಲ. ಅಲ್ಲಿ ಆಟಗಾರ ಮಾಡುವುದಾದರೂ ಏನು, ಏಳು ನಾಟ್‌ನಲ್ಲಿ ಸಾಲಿನಲ್ಲಿ ಹೋಗುವುದು, ಏಟು ಬಿದ್ದರೆ ಸಾಯುವುದು ಅಂತ ಗೆಳೆಯ ನಕ್ಕ. ಆದರೆ ಯೋಚಿಸಿದಷ್ಟೂ ಮಾಡುವುದಕ್ಕೆ ಬೇಕಾದಷ್ಟಿದೆ ಅನ್ನಿಸುತ್ತಿದೆ. ಕಲ್ಲಿದ್ದಲನ್ನು ಒಟ್ಟಿಗೆ ಜಾಸ್ತಿ ಹಾಕಿದರೆ ಕಪ್ಪು ಹೊಗೆ ಏಳುತ್ತದೆ, ಅದು ಎಷ್ಟೋ ಮೈಲಿ ದೂರದ ಯು-ಬೋಟಿಗೆ ಕಾಣುತ್ತದೆ. ಕಡಿಮೆ ಹಾಕಿದರೆ ಉಗಿ ಇಳಿಯುತ್ತದೆ, ವೇಗ ಇಳಿಯುತ್ತದೆ, ಹಡಗು ಸಾಲಿನಿಂದ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಒಂಟಿ ಹಡಗು ಅಂದರೆ ಬೋಟ್‌ಗಳಿಗೆ ಹಬ್ಬ. ಮುಂದಿನ ಹಡಗಿನ ದೀಪ ಆರಿಸಿರುತ್ತಾರೆ, ಕತ್ತಲಲ್ಲಿ ಅದಕ್ಕೆ ಡಿಕ್ಕಿ ಹೊಡೆಯದ ಹಾಗೆ ಅಂತರ ಕಾಯಬೇಕು. ಪಕ್ಕದ ಹಡಗಿನವರು ನೀರಿನಲ್ಲಿ ಬಿದ್ದು ಕೂಗುತ್ತಿದ್ದರೂ ನಿಲ್ಲುವ ಹಾಗಿಲ್ಲ, ಅದು ಆದೇಶ. ಕೆಳಗಿದ್ದವನಿಗೆ ಪೆರಿಸ್ಕೋಪೂ ಇಲ್ಲ, ಹೈಡ್ರೋಫೋನೂ ಇಲ್ಲ. ದೂರದಲ್ಲಿ ಡೆಪ್ತ್ ಚಾರ್ಜ್ ಸಿಡಿದರೆ ಹಡಗಿನ ಮೈಗೆ ಸುತ್ತಿಗೆಯಲ್ಲಿ ಹೊಡೆದ ಸದ್ದು, ಅದು ನಮ್ಮವರ ಬಾಂಬೋ, ಪಕ್ಕದವರಿಗೆ ಬಿದ್ದ ಟಾರ್ಪಿಡೊವೋ ತಿಳಿಯದು. ನನಗೆ ಇಷ್ಟವಾದ ಗೇಮ್‌ಗಳಲ್ಲಿ ಏನೇನು ಇರುತ್ತದೋ ಅದೆಲ್ಲ ಇಲ್ಲೂ ಇದೆ. ಗುಂಡಿ ಒತ್ತಿ ಹೊಡೆಯುವುದೊಂದು ಇಲ್ಲ.

ಕೋಡಿಂಗ್ ಬಲ್ಲವರು ಯಾರಾದರೂ ಇದನ್ನು ಮಾಡುವುದಾದರೆ, ನಾಯಕನನ್ನು ಬ್ರಿಜ್ ಮೇಲೆ ನಿಂತ ಕ್ಯಾಪ್ಟನ್ ಮಾಡಬೇಡಿ. ಎಂಜಿನ್ ರೂಮಿನ ಸಾರಂಗನನ್ನೋ ತಾಂಡೇಲನನ್ನೋ, ಅಂದರೆ ಲಸ್ಕರ್‌ಗಳ ಮೇಸ್ತ್ರಿಯನ್ನು, ಮಾಡಿ. ಅವನ ಪಾಳಿ ನಾಲ್ಕು ಗಂಟೆ. ಕಾಲವನ್ನು ಬೇಗ ಓಡಿಸುವ ಬಟನ್ ಮಾತ್ರ ದಯವಿಟ್ಟು ಇಡಿ, ಇಲ್ಲದಿದ್ದರೆ ನಾನೂ ಆಡುವುದಿಲ್ಲ.